ಪದ ಪರಿಚಯ: ಕ್ರಮ

ಹೆಜ್ಜೆಯಿಡು ಎಂಬರ್ಥದ ಸಂಸ್ಕೃತ 'ಕ್ರಮ್' ಧಾತುವಿನಿಂದ ಹುಟ್ಟಿ, ಪರಿಕ್ರಮ, ವಿಕ್ರಮ, ಅತಿಕ್ರಮಗಳೆಂಬ ಸೋದರಪದಗಳೊಡನೆ ಕನ್ನಡಕ್ಕೆ ಬಂದ 'ಕ್ರಮ'ವು, ಗ್ರಂಥಗಳಲ್ಲಿ ಮುಖ್ಯವಾಗಿ ಆನುಪೂರ್ವಿಯನ್ನು ಸೂಚಿಸುವುದಾದರೂ, ಪುತ್ತೂರು, ಸುಳ್ಯ, ಕಡಬಗಳ ಆಡುಮಾತಿನಲ್ಲಿ ವಾಡಿಕೆ, ಮರ್ಯಾದೆ, ಕುಲಾಚಾರಗಳನ್ನೆಲ್ಲ ಒಳಗೊಂಡಿದೆ. "ನಮ್ಮಲ್ಲಿ ಹಾಗೆ ಮಾಡುವ ಕ್ರಮ ಉಂಟು" ಎಂದರೆ ಮುಂದೆ ವಾದಕ್ಕೆಡೆಯಿಲ್ಲ.

ಈ ಪದಕ್ಕೆ ಕ್ರೈಸ್ತ ಆರಾಧನೆಯಲ್ಲಿಯೂ ಎಡೆಯುಂಟು. ಈ ಸೀಮೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳ ಮೂಲ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್. ಆಂಗ್ಲಿಕನ್ ಮೊದಲಾದ ಸಭೆಗಳು 1947ರ ಸೆಪ್ಟೆಂಬರ್ 27ರಂದು ಕೂಡಿ ರೂಪಿಸಿದ ದಕ್ಷಿಣ ಭಾರತ ಸಭೆಯಲ್ಲಿ ಇಂದು ಅವು ಸೇರಿವೆ. ಅಲ್ಲಿಯ ಉಪಾಸನಾವಿಧಿಯ ಹೆಸರೇ ಆರಾಧನಾ ಕ್ರಮ. 1950ರಲ್ಲಿ ಬಳಕೆಗೆ ಬಂದ ಕರ್ತನ ಭೋಜನದ ಕ್ರಮದಲ್ಲಿ ಶಾಂತಿಯ ವಿನಿಮಯವೆಂಬ ಅಂಗವೊಂದಿದೆ: ಕೊಡುವವನ ಬಲ ಅಂಗೈಯು ಪಡೆಯುವವನ ಬಲ ಅಂಗೈಗೆ ತಾಗಿ, ಇಬ್ಬರ ಎಡಗೈಗಳೂ ಅವನ್ನು ಮುಚ್ಚಿ, ಸಭಾಪಾಲಕರಿಂದ ಹೊರಟ ಶಾಂತಿಯು ಸಾಲಿನಿಂದ ಸಾಲಿಗೆ ಸಾಗಿ, ಕೊನೆಯ ಬೆಂಚಿನಲ್ಲಿ ಕುಳಿತ ಹೊಸಬನನ್ನೂ ತಲಪುತ್ತದೆ. ಕೇರಳದ ಸುರಿಯಾನಿ ಕ್ರೈಸ್ತ ಪರಂಪರೆಯಿಂದ ಆಯ್ದುಕೊಂಡ ಈ ವಿಧಿಯು, ಆ ಪರಂಪರೆಯ ವಲಸೆ ಕುಟುಂಬಗಳು ನೆಲೆಸಿರುವ ಕಡಬದ ಕಡೆಯವರಿಗೆ ಅಪರಿಚಿತವೇನಲ್ಲ.

ಯಾವಾಗ ಏಳಬೇಕು, ಯಾವ ಪುಟ ತೆರೆಯಬೇಕು, ಯಾವ ಸಾಲು ಸಭೆಯದು ಎಂದರಿಯದೆ ಕಂಗೆಡುವ ಹೊಸಬನಿಗೆ, ಪಕ್ಕದವನು ತನ್ನ ಪುಸ್ತಕವನ್ನೇ ಸರಿಸಿ, ಬೆರಳಿಟ್ಟು ತೋರಿಸುವುದಕ್ಕಿಂತ ಮಿಗಿಲಾದ ಸ್ವಾಗತವನ್ನು ನಾನರಿಯೆ. ಆದುದರಿಂದ ಕ್ರಮವನ್ನು ಕಂಠಸ್ಥವಾಗಿ ಬಲ್ಲ ಹಿರಿಯರು ಹಿಂದಿನ ಬೆಂಚುಗಳಲ್ಲಿ, ಹೊಸಬರ ಪಕ್ಕದಲ್ಲಿಯೇ, ಕುಳಿತುಕೊಳ್ಳಬೇಕೆಂದು ನನ್ನ ಬಿನ್ನಹ.