ಹಿತ್ತಾಳೆಯ ಊರು ದಿನಾಂ

ಬೆಲ್ಜಿಯಂನ ನಮೂರ್ ಪಟ್ಟಣದಿಂದ ಮ್ಯೂಸ್ ನದಿಯ ಗುಂಟ ದಕ್ಷಿಣಕ್ಕೆ ಹೊರಟರೆ ಕಣಿವೆ ಬರಬರುತ್ತ ಕಿರಿದಾಗುತ್ತದೆ. ಒಂದು ಕಡೆಯಂತೂ ಸುಣ್ಣಕಲ್ಲಿನ ಬಂಡೆ ಹೊಳೆಯ ಅಂಚಿಗೇ ಬಂದು ನೆಟ್ಟಗೆ ನಿಂತುಬಿಟ್ಟಿದೆ. ಆ ಬಂಡೆಗೂ ನೀರಿಗೂ ನಡುವೆ ಉಳಿದ ಚೂರು ನೆಲದಲ್ಲಿ ದಿನಾಂ ಉದ್ದಕ್ಕೆ ಬೆಳೆದುಕೊಂಡಿದೆ. ಅಗಲಕ್ಕೆ ಜಾಗವೇ ಇಲ್ಲ. ಇಂಥ ಇಕ್ಕಟ್ಟಿನ ಊರಿಗೆ ಅನ್ನ ಕೊಟ್ಟದ್ದು ಹಿತ್ತಾಳೆ. ವೈರಿಗಳನ್ನು ತಂದುಕೊಟ್ಟದ್ದೂ ಬಹುಪಾಲು ಅದೇ.

ಮಧ್ಯಯುಗದ ಯುರೋಪಿನವರಿಗೆ ಸತುವನ್ನು ಬೇರೆ ಲೋಹವಾಗಿ ತೆಗೆಯುವ ವಿದ್ಯೆ ಗೊತ್ತಿರಲಿಲ್ಲ. ದಿನಾಂನ ಕುಶಲಕರ್ಮಿಗಳು ಮ್ಯೂಸ್ ಸೀಮೆಯಲ್ಲಿ ಸಿಗುವ ಕ್ಯಾಲಮೈನ್ ಎಂಬ ಸತುವಿನ ಅದಿರನ್ನು ಕುಟ್ಟಿ ಪುಡಿಮಾಡಿ, ಇದ್ದಿಲ ಪುಡಿ ಹಾಗೂ ತಾಮ್ರದ ಚೂರುಗಳೊಂದಿಗೆ ಮಣ್ಣಿನ ಮೂಸೆಗೆ ತುಂಬಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಅದಿರಿನಿಂದ ಏಳುವ ಸತುವಿನ ಆವಿಯನ್ನು ತಾಮ್ರ ಹೀರಿಕೊಂಡು ಹಳದಿಗೆ ತಿರುಗುತ್ತಿತ್ತು. ತಾಮ್ರ ಮಾತ್ರ ದೂರದ್ದು, ಜರ್ಮನಿಯ ಗೊಸ್ಲಾರ್ ಗಣಿಗಳಿಂದ ಬರಬೇಕಿತ್ತು. ಕೊಪ್ಪರಿಗೆ, ಬೋಗುಣಿ, ಕೈತೊಳೆಯುವ ಗಿಂಡಿ, ಇಗರ್ಜಿಯ ದೀಪಸ್ತಂಭ ಎಲ್ಲವೂ ಇಲ್ಲಿ ತಯಾರಾಗಿ ದೋಣಿ ಏರುತ್ತಿದ್ದವು. ಈ ಬಗೆಯ ಸಾಮಾನನ್ನು ಫ್ರೆಂಚರು ಇಂದಿಗೂ ಊರಿನ ಹೆಸರಿನಿಂದಲೇ ‘ದಿನಾಂದ್ರಿ’ ಎನ್ನುತ್ತಾರೆ. ಉತ್ತರ ಯುರೋಪಿನ ಹಾನ್ಸಾ ವರ್ತಕರ ಕೂಟದೊಳಗೆ ಸೇರಿಕೊಂಡು ಇಲ್ಲಿನ ವ್ಯಾಪಾರಿಗಳು ಲಂಡನ್ನಿನಲ್ಲೂ ರಿಯಾಯಿತಿ ಗಿಟ್ಟಿಸಿದ್ದರು.

ಅವರ ಕೈಚಳಕ ನೋಡಬೇಕೆಂದರೆ ತೊಂಗರೆನ್ ಪಟ್ಟಣದ ಬಸಿಲಿಕಾಕ್ಕೆ ಹೋಗಬೇಕು. ದಿನಾಂನ ಜೆಹಾನ್ ಜೋಸೆಸ್ 1372ರ ಸುಮಾರಿಗೆ ಮಾಡಿದ ಹಿತ್ತಾಳೆಯ ಹದ್ದು ಅಲ್ಲಿದೆ. ಹದ್ದು ರೆಕ್ಕೆ ಬಿಚ್ಚಿ ನಿಂತಿದೆ. ಓದುವ ಗ್ರಂಥವನ್ನು ಇಡುವುದು ಆ ರೆಕ್ಕೆಗಳ ಮೇಲೆಯೇ.

ಹೊಳೆಯ ಆಚೆ ದಡದ ಬುವೀನ್ಯದಲ್ಲೂ ಇದೇ ಕಸುಬು. ದಿನಾಂ ಲಿಯೇಜಿನ ಬಿಷಪ್-ದೊರೆಯ ಅಧೀನ, ಬುವೀನ್ಯ ಬರ್ಗಂಡಿಯ ಡ್ಯೂಕನ ಪಾಲು. ಕಸುಬಿನ ಪೈಪೋಟಿಗೆ ರಾಜಕೀಯ ಸೇರಿದ ಮೇಲೆ ಕೇಳಬೇಕೆ? 1465ರಲ್ಲಿ ದಿನಾಂನ ಕೆಲವರು ಡ್ಯೂಕನ ಮಗ ಚಾರ್ಲ್ಸನ ಗೊಂಬೆಯನ್ನು ಬುವೀನ್ಯದ ಎದುರಿಗೇ ನೇಣಿಗೆ ಹಾಕಿ, ಅವನ ಹುಟ್ಟಿನ ಬಗ್ಗೆ ಹೊಲಸು ಮಾತಾಡಿದರು. ಮರುವರ್ಷ ಆಗಸ್ಟಿನಲ್ಲಿ ಬರ್ಗಂಡಿಯ ಫಿರಂಗಿಗಳು ಬಂದವು. ಊರು ಲೂಟಿಯಾಯಿತು, ಸುಟ್ಟುಹೋಯಿತು. ಸುಮಾರು 800 ಜನರನ್ನು ಬೆನ್ನಿಗೆ ಬೆನ್ನು ಕಟ್ಟಿ ಮ್ಯೂಸಿಗೆ ನೂಕಿದರೆಂದು ಪ್ರತೀತಿ. ಬದುಕುಳಿದ ಕಸುಬುದಾರರು ಬೇರೆ ಬೇರೆ ಊರುಗಳಿಗೆ ಚದುರಿದರು. ದಿನಾಂ ಮತ್ತೆ ಎದ್ದಿತು, ಆದರೆ ಹಿತ್ತಾಳೆಯ ಹಳೆಯ ವೈಭವ ಮರಳಲಿಲ್ಲ.

ಬಂಡೆಯ ಬುಡದಲ್ಲಿ 13ನೇ ಶತಮಾನದ ಗೋಥಿಕ್ ಇಗರ್ಜಿಯಿದೆ, ಅದರ ನೆತ್ತಿಯಲ್ಲಿ ಈರುಳ್ಳಿಯಾಕಾರದ ಗೋಪುರ. ಬಂಡೆಯ ತಲೆಯ ಮೇಲಿರುವುದು ಡಚ್ಚರು 1818ರಿಂದ 1821ರವರೆಗೆ ಕಟ್ಟಿದ ಕೋಟೆ. ಹತ್ತಲು 408 ಮೆಟ್ಟಿಲು. ಆಗದವರಿಗೆ ಕೇಬಲ್ ಕಾರ್ ಇದೆ.

1914ರ ಆಗಸ್ಟ್ 15ರಂದು ಈ ಕೋಟೆಗಾಗಿ ಫ್ರೆಂಚರೂ ಜರ್ಮನರೂ ಕಾದಾಡಿದರು. ಅಂದು ಸೇತುವೆಯ ಬಳಿ ಕಾಲಿಗೆ ಗುಂಡು ತಗುಲಿ ಬಿದ್ದ ತರುಣ ಲೆಫ್ಟಿನೆಂಟ್, ಮುಂದೆ ಫ್ರಾನ್ಸಿನ ಅಧ್ಯಕ್ಷನಾದ ಚಾರ್ಲ್ಸ್ ಡಿ ಗಾಲ್. ನಿಜವಾದ ದುರಂತ ನಡೆದದ್ದು ಎಂಟು ದಿನಗಳ ನಂತರ. ಊರವರೇ ಮರೆಯಲ್ಲಿ ನಿಂತು ಗುಂಡು ಹಾರಿಸುತ್ತಿದ್ದಾರೆಂಬ ಸುಳ್ಳು ನಂಬಿಕೆಯಿಂದ ಜರ್ಮನ್ ಸೈನಿಕರು ನಾಗರಿಕರನ್ನು ಗೋಡೆಗಳ ಮುಂದೆ ಸಾಲಾಗಿ ನಿಲ್ಲಿಸಿ ಕೊಂದರು. ಸತ್ತವರು 674 ಮಂದಿ, ಅವರಲ್ಲಿ ಮೂರು ವಾರದ ಕೂಸೂ ಒಂದು. ಊರಿನ ಹೆಚ್ಚಿನ ಮನೆಗಳು ಬೂದಿಯಾದವು. ಜರ್ಮನಿ ಅಧಿಕೃತವಾಗಿ ಕ್ಷಮೆ ಕೇಳಿದ್ದು 2001ರಲ್ಲಿ. ಊರು ಅಷ್ಟು ವರ್ಷ ಕಾಯಬೇಕಾಗಿ ಬಂದದ್ದು ಅನ್ಯಾಯವೇ ಸರಿ.

ಇಂದು ಬರುವ ಪ್ರವಾಸಿಗರು ‘ಕೂಕ್’ ಬಿಸ್ಕತ್ತನ್ನು ಕೊಳ್ಳದೆ ಹೋಗುವುದಿಲ್ಲ. ಗೋಧಿಹಿಟ್ಟು ಮತ್ತು ಜೇನು, ಅಷ್ಟೇ. ನೀರೂ ಇಲ್ಲ, ಹುದುಗೂ ಇಲ್ಲ. ಹಿಟ್ಟನ್ನು ಕೆತ್ತಿದ ಮರದ ಅಚ್ಚಿಗೆ ಒತ್ತಿ ಬೇಯಿಸಿದರೆ ಹೂವು, ಪ್ರಾಣಿ, ಊರಿನ ನೋಟ ಎಲ್ಲವೂ ಗೆರೆಗೆರೆಯಾಗಿ ಮೂಡುತ್ತವೆ. ಆರಿದ ಮೇಲೆ ಅದು ಎಷ್ಟು ಗಟ್ಟಿಯೆಂದರೆ ಹಲ್ಲಿನಿಂದ ಕಡಿಯುವಂತಿಲ್ಲ, ಮುರಿದು ಬಾಯಲ್ಲಿಟ್ಟು ಕರಗಿಸಬೇಕು.

ಊರಿನ ಹೆಸರನ್ನು ಹಿತ್ತಾಳೆಯೇ ಮತ್ತೊಮ್ಮೆ ಜಗತ್ತಿಗೆ ಕೊಂಡೊಯ್ದಿತು. 1814ರ ನವೆಂಬರ್ 6ರಂದು ಇಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಳವೆಯಲ್ಲೇ ತಂದೆಯೊಂದಿಗೆ ಬ್ರಸೆಲ್ಸ್ ಸೇರಿದ, 1846ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದ. ಹಾಗಾಗಿ ಈ ವಾದ್ಯ ಹಳೆಯ ಕಸುಬಿನ ನೇರ ಕುಡಿಯೇನಲ್ಲ. ಆದರೂ ಅದನ್ನು ತಮ್ಮದೆಂದು ದಿನಾಂನವರು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಡಿ ಗಾಲ್ ಹೆಸರಿನ ಸೇತುವೆಯ ಮೇಲೆ ಬಣ್ಣಬಣ್ಣದ ದೊಡ್ಡ ಸ್ಯಾಕ್ಸೋಫೋನುಗಳನ್ನು ನಿಲ್ಲಿಸಿದ್ದಾರೆ.

ಆ ವಾದ್ಯದ ದಾರಿ ಕರ್ನಾಟಕಕ್ಕೂ ಬಂತು. ಬಂಟ್ವಾಳ ತಾಲ್ಲೂಕಿನ ಸಜಿಪದ, ನಾಗಸ್ವರದ ಮನೆತನದ ಹುಡುಗನೊಬ್ಬ ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದ. ಮುಂದೆ ಕದ್ರಿ ಗೋಪಾಲನಾಥರಾಗಿ ಕರ್ನಾಟಕ ಸಂಗೀತದ ಗಮಕಗಳನ್ನೆಲ್ಲ ಅದರಲ್ಲಿ ನುಡಿಸಿದರು. ಅವರು ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ್ದು 1994ರಲ್ಲಿ. ಸ್ಯಾಕ್ಸ್ ಹೆಸರಿನ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ದಿನಾಂ ಮೊದಲ ಬಾರಿಗೆ ನಡೆಸಿದ್ದೂ ಅದೇ ವರ್ಷ.