ಡಿಬಿಒಟಿ ಬಂದೈತೇನು?

‘ಯಕ್ಕಾ, ನಿಮ್ಮೂರಾಗ ಡಿಬಿಒಟಿ ಬಂದೈತೇನು? ನಮ್ಮಲ್ಲಿ ನಾಕ್ ದಿನಾ ಆತು, ಬರೇ ಸವುಳ ನೀರ ಕುಡಿಯಾಕತ್ತೀವಿ.’

ರೋಣದ ಬಸ್ ಸ್ಟ್ಯಾಂಡಿನಲ್ಲಿ ಕಿವಿಗೆ ಬಿದ್ದ ಮಾತು. ಆಕೆ ಕೇಳಿದ್ದು ಮಲಪ್ರಭೆಯನ್ನು, ನವಿಲುತೀರ್ಥದಿಂದ ಪೈಪಿನಲ್ಲಿ ರೋಣ, ನರಗುಂದದ ಹಳ್ಳಿಗಳಿಗೆ ಹರಿಯುವ ನೀರನ್ನು. ಆ ಹೊಳೆಗೆ ಈಗ ಟೆಂಡರ್ ಕಾಗದದ ಹೆಸರು. ಕಂಪನಿಯೇ ನಕ್ಷೆ ಹಾಕಿ, ಕಟ್ಟಿ, ಇಂತಿಷ್ಟು ವರ್ಷ ನಡೆಸಿ, ಕೊನೆಗೆ ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕರಾರಿನ ನಾಲ್ಕು ಇಂಗ್ಲಿಷ್ ಅಕ್ಷರಗಳವು.

ನೀರಿನ ಹೆಸರಿನ ಬಗ್ಗೆ ನನ್ನದೊಂದು ವಾದವಿದೆ. ಮೊದಲು ಹೆಸರಿಟ್ಟದ್ದು ನಾಲಗೆ: ಸವುಳು, ಸಿಹಿ. ಆಮೇಲೆ ನೆಲ: ಕೆರೆ ನೀರು, ಬಾವಿ ನೀರು, ಬೋರಿನ ನೀರು. ಆಮೇಲೆ ಸಾಮಾನು: ನಳದ ನೀರು, ನಾಣ್ಯ ಹಾಕಿ ಕೊಡ ಹಿಡಿಯುವ ಫಿಲ್ಟರ್ ನೀರು. 2008ರ ಹೊತ್ತಿಗೆ ವಿಶ್ವಬ್ಯಾಂಕ್ ಸಾಲದಲ್ಲಿ, ಫ್ರಾನ್ಸಿನ ವಿಯೋಲಿಯಾ ಕಂಪನಿಯ ಉಸ್ತುವಾರಿಯಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಂತಲ್ಲ, ಅಲ್ಲಿ ಗಡಿಯಾರ ಹೆಸರಿಟ್ಟಿತು: ಟ್ವೆಂಟಿಫೋರ್ ಸೆವೆನ್ ನೀರು. ಈಗ ಕರಾರೇ ಹೆಸರು. ನನ್ನ ಲೆಕ್ಕದಲ್ಲಿ, ನೀರು ನಿಂತಾಗ ಜನ ಎತ್ತ ಮುಖ ಮಾಡುತ್ತಾರೋ ಅದೇ ನೀರಿನ ಹೆಸರು. ಕೆರೆ ಬತ್ತಿದರೆ ಕೆರೆ ದಂಡೆಗೆ, ನಳ ನಿಂತರೆ ನೀರು ಬಿಡಾಂವನ ಮನೆಗೆ. ಡಿಬಿಒಟಿ ನಿಂತರೆ ಎಲ್ಲಿಗೆ? ಪಂಚಾಯತಿಯಲ್ಲಿ ‘ಅದು ಕಂಪನಿಯವರದ್ರೀ’ ಅನ್ನುತ್ತಾರೆ. ವಾಲ್ವ್ ತಿರುಗಿಸುವ ಹುಡುಗ ‘ಮ್ಯಾಲಿಂದ ಬಿಟ್ಟಿಲ್ರೀ’ ಅನ್ನುತ್ತಾನೆ.

ದೇವರು ಕೊಟ್ಟರೂ ಪೂಜಾರಿ ಕೊಡ. ಈ ಗಾದೆ ಹೇಳಿದವರೆಲ್ಲ ಪೂಜಾರಿಯನ್ನೇ ಬೈಯುತ್ತಾರೆ. ನನಗೆ ಸಿಟ್ಟು ಬರುವುದು ದೇವರ ಮೇಲೆ. ಗುಡಿ ಅವನದು, ಹುಂಡಿ ಅವನದು, ಜನ ಹರಕೆ ಹೊತ್ತದ್ದೂ ಅವನಿಗೇ. ಕೊಟ್ಟದ್ದು ಭಕ್ತರ ಕೈ ಮುಟ್ಟಿತೋ ಇಲ್ಲವೋ ಎಂದು ಒಮ್ಮೆಯಾದರೂ ಹೊಸ್ತಿಲು ದಾಟಿ ನೋಡಬಾರದಿತ್ತೇ? ಪೂಜಾರಿಯನ್ನು ಇಟ್ಟುಕೊಂಡವನು ಯಾರು? ಗಾದೆ ಕಟ್ಟಿದವರು ದೇವರನ್ನು ಸಲೀಸಾಗಿ ಬಿಟ್ಟುಬಿಟ್ಟರು. ಖರ್ಚು ಉಳಿಸುತ್ತೇವೆಂದು ನೀರು, ಕಸ, ಚರಂಡಿ ಎಲ್ಲವನ್ನೂ ಹೊರಗುತ್ತಿಗೆಗೆ ಕೊಟ್ಟ ಸರ್ಕಾರಗಳಿಗೂ ನಾವು ಅದೇ ರಿಯಾಯಿತಿ ಕೊಡುತ್ತಿದ್ದೇವೆ. ಕಸದ ಗಾಡಿಯ ಡ್ರೈವರನಿಗೆ ಪಗಾರ ತಡವಾದರೆ ‘ಏಜೆನ್ಸಿಯವರನ್ನ ಕೇಳು’ ಎಂಬ ಉತ್ತರ ಸಿಗುತ್ತದೆ, ನಾವೂ ಹೌದೆನ್ನುತ್ತೇವೆ.

ಇದೇ ಮಲಪ್ರಭೆಯ ನೀರಿನ ಕರ, ಬೆಟರ್‌ಮೆಂಟ್ ಲೆವಿ ವಿರುದ್ಧ 1980ರ ಜುಲೈ 21ರಂದು ನರಗುಂದದ ರೈತರು ಎದ್ದಾಗ ಯಾರ ಬಾಗಿಲಿಗೆ ಹೋಗಬೇಕೆಂಬ ಗೊಂದಲವಿರಲಿಲ್ಲ. ನೇರ ತಹಶೀಲ್ದಾರ್ ಕಚೇರಿಗೆ ಹೋದರು. ಗೋಲಿಬಾರಾಯಿತು, ಜೀವ ಹೋದವು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಸೋತಿತು. ಕರ ಹಾಕಿದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು.

ಡಿಬಿಒಟಿಯ ಕೊನೆಯ ‘ಟಿ’ ಅಂದರೆ ಟ್ರಾನ್ಸ್‌ಫರ್, ಒಪ್ಪಿಸುವುದು. ಇಂದಿನ ಬಳಕೆಯಲ್ಲಿ ಟ್ರಾನ್ಸ್‌ಫರ್ ಅಂದರೆ ಪಿಡಿಒ ಬೇರೆ ಊರಿಗೆ ಹೋಗುವುದು ಅಷ್ಟೇ. ಒಪ್ಪಿಸುವುದು ಎಂಬ ಗಟ್ಟಿ ಮಾತು ನಮ್ಮಲ್ಲಿದೆ, ಮಗಳನ್ನು ಗಂಡನ ಮನೆಯವರ ಕೈಗೆ ಕೊಡುವಾಗ ಹೇಳುವ ಮಾತು. ಕರಾರು ಯಾವ ವರ್ಷ ಮುಗಿಯುತ್ತದೆ, ಅಂದು ಪಂಪು, ಪೈಪು, ಟಾಕಿ ಯಾವ ಸ್ಥಿತಿಯಲ್ಲಿ ಕೈಗೆ ಬರಬೇಕು, ಅಲ್ಲಿಯತನಕ ದೂರು ಬರೆದುಕೊಳ್ಳುವವರು ಯಾರು, ಅವರ ಫೋನ್ ನಂಬರ್ ಏನು, ಇಷ್ಟನ್ನು ಕನ್ನಡದಲ್ಲಿ ಬರೆದು ಪ್ರತಿ ಪಂಚಾಯತಿಯ ಗೋಡೆಗೆ ಹಚ್ಚಲಿ.