ಶಿಕಾಗೊ ಹಾಕಿ ತಂಡ ಮತ್ತೆ ಎದ್ದ ಬಗೆ

ಅಮೆರಿಕದ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಹಳೆಯ ವೃತ್ತಿಪರ ತಂಡ. 1961ರಲ್ಲಿ ಸ್ಟಾನ್ಲಿ ಕಪ್ ಗೆದ್ದ ಮೇಲೆ 49 ವರ್ಷ ಅದಕ್ಕೆ ಆ ಕಪ್ ಸಿಗಲಿಲ್ಲ. ಟಿಕೆಟ್ ಕೊಂಡವರಿಗೆ ಅನ್ಯಾಯವಾಗುತ್ತದೆಂದು ಮಾಲೀಕ ಬಿಲ್ ವಿರ್ಟ್ಜ್ ತವರಿನ ಪಂದ್ಯಗಳನ್ನು ಊರಿನ ಟಿ.ವಿ.ಯಲ್ಲಿ ತೋರಿಸಲು ಬಿಡಲಿಲ್ಲ. ಕಣ್ಣಿಗೆ ಬೀಳದ ಆಟವನ್ನು ಊರೇ ಮರೆಯತೊಡಗಿತು, ಕುರ್ಚಿಗಳು ಖಾಲಿ ಉಳಿದವು.

2007ರಲ್ಲಿ ಅವರು ತೀರಿಕೊಂಡ ಮೇಲೆ ಮಗ ರಾಕಿ ಪ್ರಸಾರ ಶುರುಮಾಡಿಸಿದರು, ದೂರವಾಗಿದ್ದ ಹಿರಿಯ ಆಟಗಾರರನ್ನು ಮರಳಿ ಕರೆದರು. ಟೇವ್ಸ್, ಕೇನ್ ಎಂಬ ಎಳೆಯರು ಬೆಳೆದರು. 2010, 2013, 2015ರಲ್ಲಿ ಕಪ್ ಬಂತು.

ಆದರೆ 2010ರಲ್ಲಿ ಆಟಗಾರನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯದ ದೂರಿನ ಬಗ್ಗೆ ಅಧಿಕಾರಿಗಳು ಮೂರು ವಾರ ಸುಮ್ಮನಿದ್ದದ್ದು 2021ರ ತನಿಖೆಯಲ್ಲಿ ಬಯಲಾಯಿತು. ತಂಡ ಎದ್ದದ್ದನ್ನು ಮಕ್ಕಳಿಗೆ ಹೇಳುವಾಗ ನಾವು ಇದನ್ನೂ ಹೇಳಬೇಕು.